ಅಧ್ಯಯನ ಪ್ರವಾಸ ನಡೆದೇ ಸಾಗಲಿ: ರಾಯದುರ್ಗ, ಮಡಕಶಿರಾ ಕುರಿತು ಒಂದು ಸಲಹೆ

ಚಳಿಗಾಲ ಸಮೀಪಿಸುತ್ತಿದ್ದಂತೆ ನಮ್ಮ ವಿಭಾಗದಲ್ಲಿ ಒಂದು ಚರ್ಚೆ ತಪ್ಪದೆ ಆರಂಭವಾಗುತ್ತದೆ. ಈ ವರ್ಷದ ಅಧ್ಯಯನ ಪ್ರವಾಸ ಎಲ್ಲಿಗೆ? ಕಪ್ಪುಹಲಗೆಯ ಮೇಲೆ ಊರುಗಳ ಹೆಸರು ಒಂದರ ಕೆಳಗೊಂದು ಏರುತ್ತವೆ. ಕೊಡುವ ಹಣ ಒಂದೇ ಆದಾಗ ಹೆಚ್ಚು ಊರು ಕಂಡಷ್ಟೂ ಲಾಭವೆಂಬ ಲೆಕ್ಕಾಚಾರ ಎಲ್ಲರದು. ಕಳೆದ ಸಲ ಎರಡು ದಿನಗಳಲ್ಲಿ ಏಳು ಸ್ಥಳಗಳನ್ನು ನೋಡಿ ಬಂದೆವು. ಬಂದ ಮೇಲೆ ವಿದ್ಯಾರ್ಥಿಗಳು ಬರೆದುಕೊಟ್ಟ ವರದಿಗಳನ್ನು ಓದಲು ಕುಳಿತಾಗ ನನಗೆ ಸಂಕೋಚವಾಯಿತು. ಎಲ್ಲ ವರದಿಗಳೂ ಒಂದೇ ಕೈ ಬರೆದಂತಿದ್ದವು. ದೇವಾಲಯದ ಬಾಗಿಲಲ್ಲಿ ನೆಟ್ಟ ಫಲಕದ ವಾಕ್ಯಗಳು, ಬಸ್ಸು ಹೊರಟ ಹೊತ್ತು, ಬಸ್ಸು ತಲುಪಿದ ಹೊತ್ತು, ಊಟ ತಡವಾದ ಸಂಗತಿ ಇವಿಷ್ಟೇ ಅವುಗಳಲ್ಲಿದ್ದವು. ಒಬ್ಬ ಮನುಷ್ಯನ ಮಾತು, ಒಂದು ಹೊಸ ಪದ ಯಾವುದರಲ್ಲಿಯೂ ಇರಲಿಲ್ಲ. ತಪ್ಪು ವಿದ್ಯಾರ್ಥಿಗಳದಲ್ಲ. ಆ ಏಳು ಸ್ಥಳಗಳ ಪಟ್ಟಿಯನ್ನು ಸಿದ್ಧಪಡಿಸಿದವನು ನಾನೇ.

ಆದ್ದರಿಂದ ಈ ಸಲ ಬೇರೊಂದು ಸಲಹೆಯನ್ನು ಮುಂದಿಡುತ್ತೇನೆ. ಒಂದು ವಾರಾಂತ್ಯಕ್ಕೆ ಒಂದೇ ಊರು ಸಾಕು. ಅಲ್ಲಿಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಇಳಿದ ಮೇಲೆ ಸಾಧ್ಯವಾದಷ್ಟೂ ನಡೆಯೋಣ. ಆ ಊರಿನವರು ಏನು ತಿನ್ನುತ್ತಾರೋ ಅದನ್ನೇ, ಅವರು ತಿನ್ನುವ ಕಡೆಯಲ್ಲೇ ಕುಳಿತು ತಿನ್ನೋಣ. ಊರಿನ ಆಯ್ಕೆಯೂ ನನ್ನ ಮನಸ್ಸಿನಲ್ಲಿದೆ. ಮೊದಲು ರಾಯದುರ್ಗ, ಮತ್ತೊಂದು ವಾರಾಂತ್ಯದಲ್ಲಿ ಮಡಕಶಿರಾ ಸೀಮೆ. ಎರಡೂ ಇಂದು ಆಂಧ್ರಪ್ರದೇಶದಲ್ಲಿವೆ. ಐಚ್ಛಿಕ ಕನ್ನಡ ಓದುವ ನಾವು ಅಲ್ಲಿಗೇ ಏಕೆ ಹೋಗಬೇಕೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಗಡಿಯ ಕಥೆಯನ್ನು ಸಂಕ್ಷೇಪವಾಗಿ ತಿಳಿದುಕೊಳ್ಳಬೇಕು. 1800ರಲ್ಲಿ ನಿಜಾಮನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಈ ಎರಡೂ ಪ್ರದೇಶಗಳು ಸೇರಿದ್ದವು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದಾಗ ಮಡಕಶಿರಾ ಅನಂತಪುರಕ್ಕೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂದರೂ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಆಗ ರಾಯದುರ್ಗವೂ ಅನಂತಪುರ ಜಿಲ್ಲೆಯ ಭಾಗವಾಯಿತು. 2022ರಲ್ಲಿ ಆ ಜಿಲ್ಲೆ ಮತ್ತೆ ಒಡೆದು, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಭೂಪಟವನ್ನು ತೆರೆದು ನೋಡಿದರೆ ಮಡಕಶಿರಾ ಸೀಮೆ ತುಮಕೂರು ಜಿಲ್ಲೆಯೊಳಕ್ಕೆ ನಾಲಗೆಯಂತೆ ಚಾಚಿಕೊಂಡಿರುವುದೂ, ನಮ್ಮ ಪಾವಗಡ ಬಹುಪಾಲು ಆಂಧ್ರದ ನಡುವೆ ನಡುಗಡ್ಡೆಯಂತಿರುವುದೂ ಕಾಣುತ್ತವೆ. ಇಷ್ಟು ಸಲ ಎಳೆದು ಅಳಿಸಿದ ಗೆರೆಗಳು ಮಾತಿನ ಮೇಲೆ, ಊಟದ ಮೇಲೆ, ದೇವರ ಮೇಲೆ ಎಷ್ಟರಮಟ್ಟಿಗೆ ಬಿದ್ದಿವೆ, ಎಷ್ಟರಮಟ್ಟಿಗೆ ಬಿದ್ದಿಲ್ಲ ಎಂಬುದು ನಮ್ಮ ಭಾಷಾವಿಜ್ಞಾನದ ಪತ್ರಿಕೆಗೆ ಸೇರಿದ ಪ್ರಶ್ನೆ. ಅದಕ್ಕೆ ಉತ್ತರವನ್ನು ಅಲ್ಲಿಗೆ ಹೋಗಿಯೇ ಕೇಳಿಕೊಳ್ಳಬೇಕು.

ಇನ್ನು ಯೋಜನೆಯ ವಿಚಾರ. ಕಾಲ ನವೆಂಬರ್‌ನಿಂದ ಫೆಬ್ರವರಿಯೊಳಗೆ ಇರಬೇಕು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಒಣಸೀಮೆ ಅದು. ಬೇಸಿಗೆಯ ಮಧ್ಯಾಹ್ನ ಅಲ್ಲಿಯ ಬಂಡೆಗಳ ಮೇಲೆ ಕಾಲಿಡುವುದು ಸಾಹಸವಲ್ಲ, ಅವಿವೇಕ. ಬಳ್ಳಾರಿಯಿಂದ ರಾಯದುರ್ಗಕ್ಕೆ ಸುಮಾರು 50 ಕಿಲೋಮೀಟರ್. ರೈಲೂ ಉಂಟು, ಬಸ್ಸೂ ಉಂಟು. ಬಾಡಿಗೆ ಬಸ್ಸನ್ನು ಹಿಡಿಯದೆ ಸಾರ್ವಜನಿಕ ವಾಹನದಲ್ಲೇ ಹೋಗಬೇಕೆಂಬುದು ನನ್ನ ಒತ್ತಾಯ. ಖರ್ಚು ಕಡಿಮೆಯಾಗುವುದು ಒಂದು ಕಾರಣ. ಪಕ್ಕದಲ್ಲಿ ಕುಳಿತವರ ಮಾತು ಯಾವ ಹಳ್ಳಿಯಿಂದ ಮುಂದಕ್ಕೆ ಕನ್ನಡದಿಂದ ತೆಲುಗಿಗೆ ಹೊರಳುತ್ತದೆ, ಯಾರೊಡನೆ ಮತ್ತೆ ಕನ್ನಡಕ್ಕೆ ಮರಳುತ್ತದೆ ಎಂಬುದನ್ನು ಬಾಡಿಗೆ ಬಸ್ಸಿನಲ್ಲಿ ಕೇಳಲಾಗುವುದಿಲ್ಲವೆಂಬುದು ಮುಖ್ಯ ಕಾರಣ.

ಮೊದಲ ದಿನದ ಬೆಳಗಿನ ತಿಂಡಿ ರಾಯದುರ್ಗದ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಆಗಲಿ. ಅಲ್ಲಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಸಿಗುತ್ತವೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ ಕೊಟ್ಟು, ಮೇಲೆ ಹುರಿಗಡಲೆ ಪುಡಿ ಉದುರಿಸಿದ ಈ ತಿಂಡಿ ಬಳ್ಳಾರಿಯವರಿಗೆ ಹೊಸದಲ್ಲ. ನಾವು ಅದನ್ನೇ ಒಗ್ಗರಣೆ ಎನ್ನುತ್ತೇವೆ. ಉಗ್ಗಾಣಿ, ಒಗ್ಗರಣೆ ಎಂಬ ಎರಡು ಪದಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು ಧ್ವನಿಗಳನ್ನು ಹೋಲಿಸಿ ನೋಡಿ. ಮಂಡಕ್ಕಿ, ಮಂಡಾಳು, ಬೊರುಗುಲು, ತುಮಕೂರಿನ ಕಡೆಯ ಪುರಿ ಇವೆಲ್ಲ ಒಂದೇ ವಸ್ತುವಿನ ಹೆಸರುಗಳು. ಯಾರು ಯಾವುದನ್ನು ಬಳಸುತ್ತಾರೆಂದು ಗುರುತಿಸಿ ಭೂಪಟದ ಮೇಲೆ ಚುಕ್ಕೆ ಇಟ್ಟರೆ ತರಗತಿಯಲ್ಲಿ ನಾನು ಒಂದು ಗಂಟೆ ವಿವರಿಸುವ ಪದಗಡಿಯ ಕಲ್ಪನೆ ಒಂದು ತಟ್ಟೆ ತಿಂಡಿ ಮುಗಿಯುವಷ್ಟರಲ್ಲಿ ಮನಸ್ಸಿಗೆ ಹತ್ತುತ್ತದೆ.

ತಿಂಡಿಯಾದ ಮೇಲೆ ಬಿಸಿಲೇರುವ ಮುನ್ನ ಕೋಟೆ. ರಾಯದುರ್ಗದ ಬೆಟ್ಟ ಸಮುದ್ರಮಟ್ಟದಿಂದ 2,727 ಅಡಿ ಎತ್ತರದಲ್ಲಿದೆ. ಊರು ಅದರ ಮಡಿಲಲ್ಲಿ ಹರಡಿಕೊಂಡಿದೆ. ಬೇಡ ನಾಯಕರು, ವಿಜಯನಗರದ ಅಧಿಕಾರಿಗಳು, ಪೆನುಕೊಂಡೆಯಿಂದ ಹೊರಟು ಕುಂದುರ್ಪಿಯ ಮೂಲಕ ಇಲ್ಲಿಗೆ ಬಂದ ಕೋನೇಟಿ ನಾಯಕನ ಮನೆತನ, ಕಡೆಗೆ ಟಿಪ್ಪು ಸುಲ್ತಾನ್ ಹೀಗೆ ಹಲವರು ಆಳಿದ ದುರ್ಗವಿದು. ಊರಿನ ದಶಭುಜ ಗಣಪತಿಯನ್ನು ನೋಡಿಕೊಂಡು ಏರಲು ತೊಡಗಿದರೆ ಕಲ್ಲಿನ ಗೋಡೆಗಳು, ಬಾಗಿಲುಗಳು, ಪಾಳುಬಿದ್ದ ಕಟ್ಟಡಗಳು ಒಂದೊಂದಾಗಿ ಎದುರಾಗುತ್ತವೆ. ಮೇಲೆ ನಿಂತು ಪಶ್ಚಿಮಕ್ಕೆ ನೋಡಿದಾಗ ಮೊಳಕಾಲ್ಮೂರಿನ ಕಡೆಯ ಗುಡ್ಡಗಳು ಕಾಣುತ್ತವೆ. ಅವು ಕರ್ನಾಟಕದವು. ಇತ್ತಣ ಗುಡ್ಡಕ್ಕೂ ಅತ್ತಣ ಗುಡ್ಡಕ್ಕೂ ಕಲ್ಲಿನಲ್ಲಾಗಲಿ ಕುರುಚಲು ಗಿಡದಲ್ಲಾಗಲಿ ಭೇದ ತೋರದು. ಗಡಿಯ ಕುರಿತು ಬರೆಯಬಯಸುವವರು ಆ ನೋಟವನ್ನು ಒಮ್ಮೆ ಕಂಡು ಬರೆಯಲಿ.

ಇಳಿದು ಬಂದು ಹಳೆಯ ಪೇಟೆಯಲ್ಲಿ ನಡೆಯುವಾಗ ಅಂಗಡಿಗಳ ಫಲಕಗಳನ್ನು ಓದುವ ಅಭ್ಯಾಸ ಮಾಡಿ. ತೆಲುಗು ಬಾರದವರಿಗೂ ಅರ್ಧ ಗಂಟೆಯಲ್ಲಿ ಅರ್ಧದಷ್ಟು ಅಕ್ಷರಗಳು ಒಲಿಯುತ್ತವೆ. ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳು. ಶಾಸನಗಳಲ್ಲಿ ಬಹುಕಾಲ ಅವು ಒಂದಾಗಿಯೇ ಇದ್ದವು. ನಮ್ಮ ತಲೆಕಟ್ಟು ಅಡ್ಡಗೆರೆಯಾಗಿ ಉಳಿಯಿತು, ಅವರದು ಮೇಲಕ್ಕೆ ಚಿಮ್ಮುವ ಗೀಟಾಯಿತು. ಹೆಸರು ಮಾತ್ರ ಅವರಲ್ಲಿಯೂ ತಲಕಟ್ಟೇ. ಲಿಪಿಯ ಚರಿತ್ರೆಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರಿಗೆ ಈ ಪೇಟೆಯ ಬೀದಿ ಅದರ ಅರ್ಥವನ್ನು ಕೊಡುತ್ತದೆ. ಜೀನ್ಸ್ ಉಡುಪು ಹೊಲಿಯುವ ಕಸುಬು ಬಳ್ಳಾರಿಯಂತೆ ಈ ಊರಿನಲ್ಲಿಯೂ ಬೇರೂರಿದೆ. ಕನ್ನಡ, ತೆಲುಗು, ಉರ್ದು ಮೂರೂ ಮಾತುಗಳು ನೆರೆಹೊರೆಯಾಗಿರುವ ಊರಿನಲ್ಲಿ ಕಸುಬಿನ ಪದಗಳು ಯಾವ ಮಾತಿನಿಂದ ಬಂದಿವೆಯೆಂದು ವಿಚಾರಿಸಲು ಒಂದು ಮಧ್ಯಾಹ್ನ ಸಾಲದು.

ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಪುಂಡಿ ಪಲ್ಯ ಸಿಕ್ಕರೆ ಬಿಡಬೇಡಿ. ಹುಳಿಯಾದ ಆ ಎಲೆ ತೆಲುಗರಲ್ಲಿ ಗೋಂಗೂರ. ಸಂಜೆಯ ನಡಿಗೆಗೆ ಹಗರಿಯ ದಂಡೆಯನ್ನು ಸೂಚಿಸುತ್ತೇನೆ. ವೇದಾವತಿಯೆಂದು ಹುಟ್ಟಿ, ಮಾರಿಕಣಿವೆಯಲ್ಲಿ ನಿಂತು, ಭೈರವಾನಿತಿಪ್ಪೆಯಲ್ಲಿ ಇನ್ನೊಮ್ಮೆ ನಿಂತು ಬರುವ ಈ ಹೊಳೆಯಲ್ಲಿ ವರ್ಷದ ಬಹುಕಾಲ ನೀರಿಗಿಂತ ಮರಳೇ ಹೆಚ್ಚು. ಮುಂಗಾರಿನ ಗಾಳಿ ಆ ಮರಳನ್ನು ಎತ್ತಿ ಹೊಲಗಳ ಮೇಲೆ ಸುರಿಯುತ್ತದೆ. ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನ ಬಳಿ ಮರಳಿನ ದಿಬ್ಬಗಳೇ ಎದ್ದು ನಿಂತಿವೆ. ಅದೇ ಸೀಮೆಯ ಕಣೇಕಲ್ಲಿನ ಕಡೆ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಹರಿದು ಗದ್ದೆಗಳು ಹಸಿರಾಗಿವೆ. ಕಾಲುವೆ ಬಂದ ಊರಿನ ಊಟ, ಕಾಲುವೆ ಬಾರದ ಊರಿನ ಊಟ ಎರಡನ್ನೂ ವಿಚಾರಿಸಿ. ಜೋಳ ಎಲ್ಲಿ ನಿಂತು ಅನ್ನ ಎಲ್ಲಿ ತೊಡಗುತ್ತದೆಂಬುದು ತಟ್ಟೆಯಲ್ಲೇ ತಿಳಿಯುತ್ತದೆ.

ಎರಡನೆಯ ದಿನ ಮೊಳಕಾಲ್ಮೂರಿನ ಕಡೆಗೆ ಬಸ್ಸು ಹಿಡಿದು ಬ್ರಹ್ಮಗಿರಿ, ಸಿದ್ದಾಪುರಗಳಿಗೆ ಹೋಗಬಹುದು. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಅಲ್ಲಿವೆ. ಸುತ್ತಲ ಹೊಲಗಳಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಪ್ರಾಕೃತದ ಆ ಶಾಸನದಲ್ಲಿ ಬರುವ ಇಸಿಲ ಎಂಬ ಊರಿನ ಹೆಸರು ಕನ್ನಡದ್ದೆಂದು ವಿದ್ವಾಂಸರು ವಾದಿಸಿದ್ದಾರೆ. ಆ ವಾದವನ್ನು ಒಪ್ಪುವುದೋ ಬಿಡುವುದೋ ಎಂಬ ಚರ್ಚೆಯನ್ನು ಆ ಬಂಡೆಯ ಪಕ್ಕದಲ್ಲಿ ಕುಳಿತು, ಬುತ್ತಿ ಬಿಚ್ಚಿಕೊಂಡು ಮಾಡೋಣ. ಅಲ್ಲಿಗೆ ಒಂದು ವಾರಾಂತ್ಯ ತುಂಬುತ್ತದೆ. ಅದೇ ಉಸಿರಿನಲ್ಲಿ ಮಡಕಶಿರಾವನ್ನೂ ಮುಗಿಸಿಬಿಡೋಣವೆಂದರೆ ಹಳೆಯ ರೋಗ ಮರುಕಳಿಸಿದಂತೆಯೇ ಸರಿ. ನೂರು ಕಿಲೋಮೀಟರಿಗೂ ಮಿಕ್ಕ ಆ ದಾರಿ ನಮ್ಮ ಅರ್ಧ ದಿನವನ್ನು ನುಂಗುತ್ತದೆ.

ಮಡಕಶಿರಾ ಸೀಮೆಗೆ ಮತ್ತೊಂದು ವಾರಾಂತ್ಯವನ್ನು ಮೀಸಲಿಡಬೇಕು. ಶಿರಾ ಅಥವಾ ಪಾವಗಡದ ದಾರಿಯಾಗಿ ಹೋಗಬೇಕು. ಅಲ್ಲಿಯ ಮುಖ್ಯ ಆಕರ್ಷಣೆ ಅಮರಾಪುರದ ಸಮೀಪದ ಹೇಮಾವತಿ. ನಮ್ಮ ಪಠ್ಯದ ಹೆಂಜೇರು ಅದೇ. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬ ಪಲ್ಲವರ ರಾಜಧಾನಿ. ತರಗತಿಯಲ್ಲಿ ಗಂಗ ಮಾರಸಿಂಹನಿಗೆ ನೊಳಂಬಕುಲಾಂತಕನೆಂಬ ಬಿರುದಿತ್ತೆಂದು ಬರೆದುಕೊಳ್ಳುತ್ತೀರಿ. ಅಂತ್ಯ ಕಂಡಿತೆಂದು ಬಿರುದು ಸಾರಿದ ಆ ಕುಲ ಏನನ್ನು ಕಡೆದಿಟ್ಟಿತ್ತೆಂದು ನೋಡಬೇಕಾದರೆ ದೊಡ್ಡೇಶ್ವರ ದೇವಾಲಯದ ಜಾಲಂಧ್ರಗಳ ಮುಂದೆ ನಿಲ್ಲಬೇಕು. ಕಪ್ಪು ಕಲ್ಲನ್ನು ನುಣುಪುಗೊಳಿಸಿ ಬಿಡಿಸಿದ ಆ ಶಿಲ್ಪಗಳಲ್ಲಿ ಕೆಲವು ಇಂದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಚೋಳರು ಹೊತ್ತೊಯ್ದ ನೊಳಂಬರ ಕಂಬಗಳು ತಂಜಾವೂರಿನ ಬಳಿಯ ತಿರುವೈಯ್ಯಾರಿನ ದೇವಾಲಯದಲ್ಲಿ ನಿಂತಿವೆ. ಉಳಿದದ್ದು ಹೇಮಾವತಿಯಲ್ಲಿದೆ. ಅಲ್ಲಿಯ ಸಿದ್ಧೇಶ್ವರ ಗುಡಿಯಲ್ಲಿ ಶಿವನು ಲಿಂಗರೂಪದಲ್ಲಿಲ್ಲ, ಕುಳಿತ ಮೂರ್ತಿಯಾಗಿದ್ದಾನೆ. ತುಮಕೂರು ಜಿಲ್ಲೆಯ ಅನೇಕ ಮನೆತನಗಳಿಗೆ ಅವನೇ ಮನೆದೇವರು. ಶಿವರಾತ್ರಿಯ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದ ಹಿರಿಯರಿಗೆ ಅಲ್ಲಿಗೆ ಹೋಗುವುದು ರಾಜ್ಯ ದಾಟುವ ಸಂಗತಿಯಾಗಿರಲಿಲ್ಲ. ಸಿದ್ಧಪ್ಪನ ಬಳಿಗೆ ಹೋಗಿ ಬರುವುದಷ್ಟೇ ಆಗಿತ್ತು.

ಇಲ್ಲಿ ಊಟ ಬದಲಾಗುತ್ತದೆ. ಜೋಳ ಹಿಂದೆ ಸರಿದು ರಾಗಿ ಮುಂದೆ ಬರುತ್ತದೆ. ರೊಟ್ಟಿಯ ಜಾಗದಲ್ಲಿ ಮುದ್ದೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ಅವರೆಕಾಯಿಯ ಕಾಲ. ಹಿತಕಿದ ಬೇಳೆಯ ಸಾರಿನೊಡನೆ ಮುದ್ದೆ ಉಂಡವರಿಗೆ ಮತ್ತೊಂದು ಊಟದ ಯೋಚನೆ ಸಂಜೆಯವರೆಗೂ ಬಾರದು. ರಾಯದುರ್ಗದ ಶೇಂಗಾ ಇಲ್ಲಿ ಕಡಲೆಕಾಯಿಯಾಗುತ್ತದೆ. ಪಕ್ಕದ ತೆಲುಗು ಮನೆಯಲ್ಲಿ ಮುದ್ದೆಗೆ ಸಂಗಟಿ ಎಂಬ ಹೆಸರಿದೆ. ಹಬ್ಬದ ಸಿಹಿಯ ವಿಷಯಕ್ಕೆ ಬಂದರೆ ಕರಾವಳಿ ಆಂಧ್ರದವರು ಬೊಬ್ಬಟ್ಟು ಎನ್ನುವುದನ್ನು ಅನಂತಪುರದ ತೆಲುಗರು ಓಳಿಗ ಎನ್ನುತ್ತಾರೆ. ನಮ್ಮ ಹೋಳಿಗೆ ಅವರ ಮಾತಿನಲ್ಲಿದೆ, ಅವರ ಬೊಬ್ಬಟ್ಟಿನ ನಂಟು ನಮ್ಮ ಹಳೆ ಮೈಸೂರಿನ ಒಬ್ಬಟ್ಟಿನಲ್ಲಿದೆ. ಎರಡು ಭಾಷೆಗಳ ನಡುವಣ ಕೊಳುಕೊಡೆಯನ್ನು ಇದಕ್ಕಿಂತ ಸವಿಯಾಗಿ ಕಲಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಈ ಸಲಹೆಗೆ ಆಕ್ಷೇಪಗಳು ಬರುವುದು ಸಹಜ. ಊಟ, ತಿರುಗಾಟ ಎಂದರೆ ಅದು ಅಧ್ಯಯನ ಹೇಗಾಯಿತೆಂದು ಕೆಲವರು ಕೇಳಬಹುದು. ಒಬ್ಬೊಬ್ಬ ವಿದ್ಯಾರ್ಥಿ ಅಲ್ಲಿಯವರ ಬಾಯಿಂದ ಕೇಳಿದ ಇಪ್ಪತ್ತು ಪದಗಳನ್ನು, ಯಾರು ಯಾವ ಸಂದರ್ಭದಲ್ಲಿ ಆಡಿದರೆಂಬ ವಿವರದೊಂದಿಗೆ ಬರೆದು ತರಬೇಕೆಂದು ನಿಯಮ ಮಾಡಿದರೆ ಆ ಆಕ್ಷೇಪ ನಿಲ್ಲದು. ಎಲ್ಲರಿಗೂ ಬೆಟ್ಟ ಹತ್ತಲಾಗುವುದಿಲ್ಲವೆಂಬ ಮಾತು ನಿಜ. ಹತ್ತಲಾಗದವರು ಕೆಳಗಿನ ಪೇಟೆಯಲ್ಲಿ ಪದ ಸಂಗ್ರಹಿಸಲಿ. ಅವರ ಪುಸ್ತಕವೇ ಹೆಚ್ಚು ತುಂಬಿರುವ ಸಂಭವವಿದೆ. ವಿದ್ಯಾರ್ಥಿನಿಯರಿಗೆ ಶೌಚಾಲಯದ, ರಾತ್ರಿ ತಂಗುವ ಸ್ಥಳದ ವ್ಯವಸ್ಥೆಯನ್ನು ಮುಂಚಿತವಾಗಿ ಹೋಗಿ ನೋಡಿ ಬರುವುದು ಅಧ್ಯಾಪಕರ ಹೊಣೆ. ನಲವತ್ತು ಜನ ಒಮ್ಮೆಗೇ ಸಣ್ಣ ಹೋಟೆಲಿಗೆ ನುಗ್ಗಿದರೆ ಅಲ್ಲಿಯವರ ನಿತ್ಯದ ಗಿರಾಕಿಗಳಿಗೆ ತೊಂದರೆ. ಆದ್ದರಿಂದ ಎಂಟೆಂಟು ಜನರ ತಂಡಗಳಾಗಿ ಹೋಗಬೇಕು, ಹಿಂದಿನ ದಿನವೇ ತಿಳಿಸಿರಬೇಕು, ಕೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಬೇಕು. ಮನೆಯೊಂದರಲ್ಲಿ ಕರೆದು ಊಟಕ್ಕಿಟ್ಟರೆ ಫೋಟೊ ತೆಗೆಯುವ ಮುನ್ನ ಅಪ್ಪಣೆ ಕೇಳಬೇಕು.

ಇವೆಲ್ಲಕ್ಕಿಂತ ದೊಡ್ಡದಾದ ಒಂದು ಎಚ್ಚರವಿದೆ. ಗಡಿನಾಡಿಗೆ ಹೋಗುವ ನಮ್ಮವರಲ್ಲಿ ಕೆಲವರು ಬಾವುಟ ಹಿಡಿದು ಹೋಗುತ್ತಾರೆ, ಕೆಲವರು ಕನಿಕರ ಹೊತ್ತು ಹೋಗುತ್ತಾರೆ. ಅಲ್ಲಿಯ ಕನ್ನಡಿಗರಿಗೆ ಎರಡೂ ಬೇಕಾಗಿಲ್ಲ. ಅವರು ಬೆಳಗಾದರೆ ತೆಲುಗಿನಲ್ಲಿ ಅರ್ಜಿ ಬರೆದು, ತೆಲುಗಿನ ನೆರೆಯವರೊಡನೆ ಹೊಲ ಮಾಡಿ, ಮನೆಗೆ ಬಂದು ಕನ್ನಡದಲ್ಲಿ ಮಕ್ಕಳನ್ನು ಗದರುವವರು. ಎರಡು ಭಾಷೆಗಳಲ್ಲಿ ಬಾಳುವ ವಿದ್ಯೆ ಅವರಿಗೆ ಗೊತ್ತಿದೆ; ಒಂದರಲ್ಲಿ ಪದವಿ ಪಡೆಯುವ ನಾವು ಅವರಿಂದ ಕಲಿಯಬೇಕು. ನಮ್ಮ ಕನ್ನಡವೇ ಶುದ್ಧ, ಅವರದು ಬೆರಕೆ ಎಂಬ ಭಾವನೆ ನಮ್ಮಲ್ಲಿ ಯಾರಿಗಾದರೂ ಇದ್ದರೆ ಅಂಥವರು ಬಸ್ ನಿಲ್ದಾಣದಲ್ಲೇ ಉಳಿಯುವುದು ಒಳ್ಳೆಯದು.

ನಮ್ಮ ಪತ್ರಿಕೆಗೆ ಐಚ್ಛಿಕ ಕನ್ನಡವೆಂದು ಹೆಸರು. ಮೂರು ವಿಷಯಗಳಲ್ಲಿ ಒಂದನ್ನು ಆರಿಸಿಕೊಂಡೆವು, ಅಷ್ಟೇ. ಆ ಪದದ ನಿಜವಾದ ಭಾರ ತಿಳಿಯುವುದು ಮಡಕಶಿರಾ, ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರಗಳ ಕಡೆ. ಅಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಮಗುವನ್ನು ಅವುಗಳಿಗೆ ಸೇರಿಸುವುದೋ, ತೆಲುಗಿಗೋ, ಇಂಗ್ಲಿಷಿಗೋ ಎಂದು ತಂದೆತಾಯಿ ತೀರ್ಮಾನಿಸುವಾಗ ಮುಂದಿನ ಓದು ಎಲ್ಲಿ, ಕೆಲಸ ಯಾವ ರಾಜ್ಯದಲ್ಲಿ ಎಂಬ ಪ್ರಶ್ನೆಗಳು ಎದುರು ನಿಲ್ಲುತ್ತವೆ. ಎಲ್ಲ ಲೆಕ್ಕವನ್ನೂ ಹಾಕಿದ ಮೇಲೂ ಕನ್ನಡವನ್ನು ಆರಿಸುವ ಮನೆಗಳಿವೆ. ಅದೇ ಲೆಕ್ಕದಿಂದ ಅದನ್ನು ಬಿಡುವ ಮನೆಗಳೂ ಇವೆ. ಎರಡೂ ಮನೆಗಳ ಕಾರಣವನ್ನು ಕೇಳಿಸಿಕೊಳ್ಳದೆ ಗಡಿನಾಡ ಕನ್ನಡದ ಅಳಿವು ಉಳಿವು ಕುರಿತು ನಾವು ಬರೆಯುವ ಪ್ರಬಂಧಗಳಿಗೆ ಬೆಲೆಯಿಲ್ಲ. ಏಳು ಸ್ಥಳ ನೋಡುವ ಆತುರದಲ್ಲಿರುವವರಿಗೆ ಈ ಕಾರಣಗಳನ್ನು ಯಾರೂ ಹೇಳುವುದಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತು, ಕೊಟ್ಟ ನೀರು ಕುಡಿದವರಿಗೆ ಹೇಳಿಯಾರು.

ಪ್ರವಾಸ ಸಮಿತಿಯ ಸಭೆ ಬರಲಿದೆ. ಕಪ್ಪುಹಲಗೆಯ ಮೇಲೆ ಮತ್ತೆ ಊರುಗಳ ಪಟ್ಟಿ ಏರಲಿದೆ. ಈ ಸಲ ಅದರಲ್ಲಿ ಒಂದೇ ಹೆಸರಿರಲಿ, ಕೆಳಗೆ ಎರಡು ದಿನಗಳ ನಡಿಗೆಯ ದಾರಿ, ನಾಲ್ಕು ಊಟಗಳ ಸ್ಥಳ, ಪ್ರತಿಯೊಬ್ಬರ ಕೈಯಲ್ಲಿ ಒಂದು ನೋಟು ಪುಸ್ತಕ ಎಂದು ಬರೆಯೋಣ. ಹಿಂದಿರುಗಿ ಬಂದಾಗ ನಿಮ್ಮ ವರದಿಗಳು ಒಂದರಂತೆ ಇನ್ನೊಂದು ಇರದಿದ್ದರೆ ಪ್ರವಾಸ ಸಾರ್ಥಕವಾಯಿತೆಂದು ತಿಳಿಯುತ್ತೇನೆ. ಹಾಗಾಗದಿದ್ದರೆ ಮುಂದಿನ ವರ್ಷ ನಿಮ್ಮ ಏಳು ಊರುಗಳ ಪಟ್ಟಿಗೆ ನಾನೇ ಮೊದಲು ಸಹಿ ಹಾಕುತ್ತೇನೆ.